ಕಬ್ಬಿಣದ ಪುಡಿ ಬೆರೆಸಿದ ಪುಟ್ಟಿ

ಹೋದ ವಾರ ನನ್ನ ಮಗಳು ಶಾಲೆಯಲ್ಲಿ ಬರೆದ ಚಿತ್ರವೊಂದನ್ನು ಫ್ರಿಜ್ಜಿನ ಬಾಗಿಲಿಗೆ ಹಿಡಿದು, ಮೇಲೊಂದು ಆಯಸ್ಕಾಂತ ಇಟ್ಟಳು. ಅದು ಟಕ್ಕೆಂದು ಅಂಟಿತು. ನನ್ನ ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ ಚೆಲ್ಲಿತು.

"ಅಷ್ಟಕ್ಕ ಯಾರರ ಅಂಜತಾರೇನಪ್ಪಾ?" ಎಂದು ಅವಳು ನಕ್ಕಳು.

ನಾನೂ ನಕ್ಕೆ. ಆದರೆ ಅಂಜುವವನು ನಾನೊಬ್ಬನಾದರೂ ಇದ್ದೇನೆ. ಯಾಕೆಂದು ನಿಮಗೆ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನೇರ ಹೇಳುವ ಧೈರ್ಯವಿದ್ದಿದ್ದರೆ ನಾಲ್ಕು ವರ್ಷ ಸುಮ್ಮನಿರುತ್ತಿರಲಿಲ್ಲ.

ನಾನು ಓದಿದ್ದು ಐದನೆಯ ಇಯತ್ತೆ. ಅಪ್ಪ ಬಾಗಲಕೋಟೆ ಕಡೆಯಿಂದ ಅದಿರಿನ ಕೆಲಸಕ್ಕೆಂದು ಗೋವಾದ ಕುಡಚಡೆಗೆ ಬಂದವನು. ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಹನಮಂತ ಅದಿರಿನ ಟ್ರಕ್ಕುಗಳ ಮೇಲೇ ಪತ್ರಾ ಕೆಲಸ ಕಲಿತ. ನೆಗ್ಗಿದ ತಗಡು ಬಡಿದು ನೆಟ್ಟಗೆ ಮಾಡುವುದು, ತುಕ್ಕು ಹಿಡಿದದ್ದನ್ನು ಕೊಯ್ದು ಹೊಸದು ಜೋಡಿಸಿ ವೆಲ್ಡಿಂಗ್ ಮಾಡುವುದು. ನಾನು ಬಣ್ಣ ಹಿಡಿದೆ. ಪತ್ರಾ ಕೆಲಸ ಎಷ್ಟು ಚೆನ್ನಾಗಿದ್ದರೂ ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ, ಬಣ್ಣವಾದರೆ ಊರಿಗೆಲ್ಲ ಕಾಣುತ್ತದೆ ಎಂಬುದು ನನ್ನ ಲೆಕ್ಕ. ಆ ಕಾಲದಲ್ಲಿ ನಾನು ಕಪ್ಪು ಕನ್ನಡಕ ಹಾಕಿಕೊಂಡು ಬಣ್ಣ ಹೊಡೆಯುತ್ತಿದ್ದೆ. ಬಿಳಿ ಗಾಡಿಯೊಂದಕ್ಕೆ ಕೆನೆಬಣ್ಣದ ಬಾಗಿಲು ಕೂಡಿಸಿ ಕೊಟ್ಟ ಮೇಲೆ ಅದನ್ನು ಬಿಟ್ಟೆ.

ಗಣಿ ನಿಂತಿತು, ಟ್ರಕ್ಕುಗಳೂ ನಿಂತವು. ಖಾಲಿ ಬಿದ್ದ ನಮ್ಮ ಶೆಡ್ಡಿಗೆ ಪಕ್ಕದೂರು ಕೆಪೆಯಿಂದ ಮಿನಿನ್ ಬಾಬ್ ಬಂದರು. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಅವರ ಹಿಂದೆ ಟೆಂಪೋದ ಮೇಲೆ ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರು ಬಂತು. ಎರಡೇ ಸೀಟು, ಉದ್ದ ಮೂತಿ, ನನ್ನ ಸೊಂಟದಷ್ಟು ಎತ್ತರ. ವಯಸ್ಸಿನಲ್ಲಿ ಅಣ್ಣನಿಗಿಂತ ಹಿರಿದು. ಸಮುದ್ರದ ಗಾಳಿಗೆ ಅರ್ಧ ಮೈ ತುಕ್ಕು ತಿಂದಿತ್ತು. ಅಣ್ಣ ಸುತ್ತ ಒಂದು ಸುತ್ತು ಬಂದು, "ಇದರಾಗ ಕುಂದರೂದೋ, ಇದನ್ನ ಹಾಕ್ಕೊಳ್ಳೂದೋ?" ಎಂದ.

ನಗುತ್ತ ಹಿಡಿದ ಕೆಲಸ ಎರಡು ವರ್ಷ ಹಿಡಿಸಿತು. ಬಾಗಿಲಿನ ಒಂದು ರಬ್ಬರಿಗಾಗಿ ಮಿನಿನ್ ಬಾಬ್ ಜಪಾನಿನ ಯಾರೋ ಅಂಗಡಿಯವನ ಜೊತೆ ತಿಂಗಳುಗಟ್ಟಲೆ ಫೋನಿನಲ್ಲಿ ಮಾತಾಡುತ್ತಿದ್ದರು. ಅದು ಬಂದ ದಿನ ಮೂಗಿಗೆ ಹಿಡಿದು ಮೂಸುತ್ತಿದ್ದರು. ಅಣ್ಣನಿಗೂ ಆ ಹುಚ್ಚು ಹತ್ತಿತು. ರವಿವಾರವೂ ಶೆಡ್ಡಿಗೆ ಬಂದು ತಗಡನ್ನು ಮೊಣಕಾಲ ಮೇಲಿಟ್ಟು ಬಡಿಯುತ್ತ ಕೂರುತ್ತಿದ್ದ. "ಅವರು ಒತ್ತಿದ್ದು ಮಶೀನಿನ್ಯಾಗ, ನಾ ಬಡ್ಯೂದು ಮೊಣಕಾಲ ಮ್ಯಾಲ. ಎರಡೂ ಒಂದ ಕಾಣಬೇಕು ತಮ್ಮಾ."

ಮಿನಿನ್ ಬಾಬರ ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಆಯಸ್ಕಾಂತ ಇರುತ್ತಿತ್ತು. ಕೆಲಸ ಮುಗಿದ ಕಡೆಯೆಲ್ಲ ಅದನ್ನು ಆಡಿಸುತ್ತಿದ್ದರು. ಕೆಳಗೆ ತಗಡಿದ್ದರೆ ಹಿಡಿಯುತ್ತದೆ; ತೂತು ಮುಚ್ಚಲು ಕಲಸಿದ ಹಿಟ್ಟಿನಂಥ ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. "ಮನುಷ್ಯ ಸುಳ್ಳು ಹೇಳ್ತಾನೆ ಬಾಬಾ, ಚುಂಬಕ್ ಹೇಳೋದಿಲ್ಲ" ಎನ್ನುತ್ತಿದ್ದರು.

ಇನ್ನು ಸುತ್ತಿ ಬಳಸಲು ಜಾಗವಿಲ್ಲ.

ಆ ಗಾಡಿಯ ಬಾಗಿಲ ಕೆಳಗೆ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಟೊಳ್ಳಾದ ತಗಡಿನ ಪಟ್ಟಿಯೊಂದು ಓಡುತ್ತದೆ. ಗಾಡಿ ಎತ್ತುವಾಗ ಜಾಕ್ ಕೊಡುವುದು ಅದಕ್ಕೇ. ಬಲಗಡೆಯ ಪಟ್ಟಿಯನ್ನು ಅಣ್ಣ ಮುಕ್ಕಾಲು ಭಾಗ ಹೊಸದು ಮಾಡಿದ್ದ. ಹಿಂದೆ ಅಂಗೈ ಅಗಲದಷ್ಟು ಉಳಿದಿತ್ತು. ಅಷ್ಟರಲ್ಲಿ ಅವನ ಅತ್ತೆ ತೀರಿಕೊಂಡರೆಂದು ಊರಿನಿಂದ ಕರೆ ಬಂತು. ಹೋಗುವಾಗ ಹೇಳಿದ: "ನಾ ಬರೂತನಕ ಬಣ್ಣ ಮುಟ್ಟಬ್ಯಾಡ. ಒಳಗ ತುಕ್ಕ ತಿಂದೈತಿ. ಹೊಸಾ ಪತ್ರಾ ಹಾಕೇ ಮುಚ್ಚೂನು."

ಮುಂದಿನ ರವಿವಾರ ಮಡಗಾಂವದಲ್ಲಿ ಹಳೆಯ ಗಾಡಿಗಳ ಮೆರವಣಿಗೆ ಇತ್ತು. ಮಿನಿನ್ ಬಾಬರೇ, "ಬರುವ ವರ್ಷ ಹೋಗೋಣ" ಎಂದು ಬಿಟ್ಟಿದ್ದರು. ಆತುರ ನನ್ನದು. ಶೆಡ್ಡಿಗೆ ಬಂದವರೆಲ್ಲ "ಹನಮಂತನ ಗಾಡಿ" ಎನ್ನುತ್ತಿದ್ದರು. ನನ್ನ ಬಣ್ಣ ಡಬ್ಬಿಯಲ್ಲೇ ಕೂತಿತ್ತು. ಅವನಿಲ್ಲದ ಮೂರು ದಿನದಲ್ಲಿ ಅದು ನನ್ನ ಗಾಡಿಯೂ ಆಗಲಿ ಎನಿಸಿತು. ತುಕ್ಕಿನ ಜಾಗಕ್ಕೆ ಪುಟ್ಟಿ ಮೆತ್ತಲು ಹೊರಟೆ. ಆಯಸ್ಕಾಂತ ನೆನಪಾಯಿತು. ಗ್ರೈಂಡರ್ ಕೆಳಗೆ ಬಿದ್ದಿದ್ದ ಕಬ್ಬಿಣದ ಪುಡಿ ಗೋರಿ, ಪುಟ್ಟಿಗೆ ಅರ್ಧಕ್ಕರ್ಧ ಬೆರೆಸಿದೆ. ಆಗ ನನ್ನ ಜಾಣತನಕ್ಕೆ ನಾನೇ ಸಿಳ್ಳೆ ಹಾಕಿದ್ದು ಚೆನ್ನಾಗಿ ನೆನಪಿದೆ.

ಮಿನಿನ್ ಬಾಬ್ ಬಂದು ಹೊಳೆಯುವ ಬಣ್ಣ ಕಂಡು ಮೊದಲು ಹೌಹಾರಿದರು. ಆಮೇಲೆ ಕರವಸ್ತ್ರ ಬಿಚ್ಚಿದರು. ಪಟ್ಟಿಯುದ್ದಕ್ಕೂ ಆಯಸ್ಕಾಂತ ಸರಿಯುತ್ತ ಬಂತು. ಆ ಜಾಗದಲ್ಲಿ ನಿಂತರು. ಎಳೆದರು. ಮತ್ತೆ ಇಟ್ಟು ಎಳೆದರು. ಗಟ್ಟಿಯಾಗಿ ಅಲ್ಲ, ಆದರೂ ಹಿಡಿಯಿತು.

"ಬರೆಂ" ಎಂದರು, ಚೆನ್ನಾಗಿದೆ ಎಂದು. "ಹನಮಂತನ ಕೈ ಅಂದರೆ ಹನಮಂತನ ಕೈ!"

ನಂಬುತ್ತೀರೋ ಇಲ್ಲವೋ, ನನ್ನ ಮೋಸಕ್ಕೂ ಹೆಸರು ಅವನಿಗೇ ಬಂತಲ್ಲ ಎಂದು ನನಗೆ ಸಿಟ್ಟು ಬಂತು.

ಅಣ್ಣ ಊರಿಂದ ಬಂದವನೇ ಕುಕ್ಕರುಗಾಲಲ್ಲಿ ಕೂತು, "ಆ ಅಂಗೈಯಷ್ಟು ಜಾಗಾ?" ಎಂದ.

"ಮ್ಯಾಲಷ್ಟ ತುಕ್ಕಿತ್ತೋ ಅಣ್ಣಾ. ಕೆರದು ನೋಡಿದೆ, ಒಳಗ ಚಲೋ ಐತಿ. ನಿನ್ನ ವೆಲ್ಡಿಂಗ್ ಅಷ್ಟ ಸಾಕಾತು."

ಅವನು ನನ್ನ ಮುಖ ನೋಡಿದ. ನಂಬಿದ.

ಒಂದು ಮಳೆಗಾಲ ಕಳೆಯಿತು. ಬ್ರೇಕಿನಲ್ಲಿ ಸದ್ದು ಬರುತ್ತದೆಂದು ಒಂದು ಬೆಳಿಗ್ಗೆ ಮಿನಿನ್ ಬಾಬ್ ಗಾಡಿಯನ್ನು ಶೆಡ್ಡಿಗೆ ತಂದರು. ಅಣ್ಣ ಬಲಗಡೆಗೆ ಜಾಕ್ ಸರಿಸಿದ. ಅದರ ತಲೆ ಎಲ್ಲಿ ಕೂರುತ್ತಿದೆಯೆಂದು ನಾನು ಬಣ್ಣದ ಗನ್ ತೊಳೆಯುತ್ತ ನೋಡಿದೆ.

"ಅಣ್ಣಾ, ಸ್ವಲ್ಪ ಮುಂದಕ್ಕ ಕೊಡು."

"ಯಾಕ?"

ಬಾಯಿ ತೆರೆದೆ. "ಬಣ್ಣ ಹೋದೀತು" ಎಂದೆ.

"ಬಣ್ಣದ ಮಂದಿಗೆ ಬಣ್ಣದ್ದ ಚಿಂತಿ" ಎಂದು ನಕ್ಕು, ಜಾಕಿನ ತಲೆಗೆ ಟಯರಿನ ತುಂಡೊಂದನ್ನು ಇಟ್ಟು, ಅಲ್ಲಿಗೇ ಕೊಟ್ಟ. ಗಾಲಿ ಬಿಚ್ಚಿದ. ಬಿಚ್ಚಿದ ಗಾಲಿಯನ್ನು ಗಾಡಿಯ ಕೆಳಗೆ ತಳ್ಳಿಯೇ ಒಳಗೆ ಹೋಗುವುದು ಅವನ ರೂಢಿ. ಅದೇ ಅವನನ್ನು ಉಳಿಸಿತು. ಹಪ್ಪಳ ಮುರಿದಂತೆ ಸದ್ದಾಯಿತು. ಗಾಡಿ ಇಳಿದು ಆ ಗಾಲಿಯ ಮೇಲೆ ಕೂತಿತು. ಅಣ್ಣನ ಎಡ ಮೊಣಕೈ ಮಾತ್ರ ಸಿಕ್ಕಿತು.

ಪಕ್ಕದ ಅಂಗಡಿಯವರ ವ್ಯಾನಿನಲ್ಲಿ ಅವನನ್ನು ಕೂರಿಸಿಕೊಂಡು ಮಿನಿನ್ ಬಾಬ್ ಆಸ್ಪತ್ರೆಗೆ ಓಡಿದರು. "ಶೆಡ್ ನೋಡ್ಕೋತೇನಿ" ಎಂದು ನಾನು ಉಳಿದೆ. ಉಳಿದು ಏನು ಮಾಡಿದೆ ಗೊತ್ತೇ? ಪುಟ್ಟಿಯ ಚೂರುಗಳನ್ನು ಗುಡಿಸಿದೆ. ಗ್ರೈಂಡರ್ ಹಚ್ಚಿ, ತುಕ್ಕಿನ ತಗಡನ್ನೂ ಅದಕ್ಕೆ ಕೂಡಿದ್ದ ಅಣ್ಣನ ವೆಲ್ಡಿಂಗನ್ನೂ ಕೊಯ್ದು ತೆಗೆದು, ಶೆಡ್ಡಿನ ಹಿಂದೆ ಹೂತೆ. ಆಮೇಲೆ ಆಸ್ಪತ್ರೆಗೆ ಹೋದೆ. ಅವನು ಮೊಣಕೈ ನೋವಿನ ಮಾತೆತ್ತಲಿಲ್ಲ.

"ನನ್ನ ವೆಲ್ಡಿಂಗ್ ಬಿಟ್ಟ ಹೋತೇನ್ಲೇ?"

"ಹೂಂ" ಎಂದೆ.

ಕೈ ಎರಡು ತಿಂಗಳಲ್ಲಿ ನೆಟ್ಟಗಾಯಿತು. ಅವನು ಮತ್ತೆ ವೆಲ್ಡಿಂಗ್ ಹಿಡಿಯಲಿಲ್ಲ. ಕಲಂಗುಟ್‌ನ ಹೋಟೆಲೊಂದರ ಗೇಟಿನಲ್ಲಿ ಸೀಟಿ ಊದಿ ಗಾಡಿ ನಿಲ್ಲಿಸುವ ಕೆಲಸಕ್ಕೆ ಸೇರಿದ. ಮಿನಿನ್ ಬಾಬ್ ಗಾಡಿಯನ್ನು ಕೆಪೆಯ ತಮ್ಮ ಮನೆಗೆ ಒಯ್ದಿಟ್ಟರು, ಬೇರೆ ಯಾರ ಕೈಗೂ ಕೊಡಲಿಲ್ಲ. ಹೋದ ತಿಂಗಳೂ ಫೋನ್ ಮಾಡಿದ್ದರು: "ನಿನ್ನ ಅಣ್ಣನಿಗೆ ಹೇಳು, ಮತ್ತೆ ತುಕ್ಕು ಏರುತ್ತಿದೆ." ಹೇಳಿದರೆ ಅವನದು ಅದೇ ಉತ್ತರ: "ನನ್ನ ಕೈ ನಂಬಬ್ಯಾಡ ಅನ್ನು."

ಲುಂಗಿಯ ಮೇಲೆ ಚಹಾ ಚೆಲ್ಲಿದ ಮರುದಿನ ನಾನು ಕಲಂಗುಟ್‌ಗೆ ಹೊರಟೆ. ನಾಲ್ಕು ಬಸ್ಸು ಬದಲಿಸಬೇಕು. ಒಂದೊಂದು ನಿಲ್ದಾಣದಲ್ಲೂ ತಿರುಗಿ ಹೋಗುವ ಬಸ್ಸೇ ಮೊದಲು ಕಾಣುತ್ತಿತ್ತು. ಮಾಪಸಾದಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡೆ.

"ಬಾಳಿಹಣ್ಣ ಯಾಕೋ? ನಾ ಏನ್ ಬ್ಯಾನಿ ಬಿದ್ದೇನೇನು?" ಎಂದು ಅಣ್ಣ ನಕ್ಕ. ನೀಲಿ ಸಮವಸ್ತ್ರ, ಕೊರಳಲ್ಲಿ ಸೀಟಿ. ಕೂತು ಹೇಳಲು ಜಾಗವಿರಲಿಲ್ಲ. ಗೇಟಿನಲ್ಲಿ ನಿಂತೇ ಹೇಳಿದೆ. ನಡುವೆ ಪ್ರವಾಸಿಗರ ಗಾಡಿಯೊಂದು ಹಿಂದಕ್ಕೆ ಬಂತು. ಅವನು ನನ್ನ ಮಾತು ಕೇಳುತ್ತಲೇ "ಆನೇ ದೋ, ಆನೇ ದೋ... ಬಸ್" ಎಂದು ಅದನ್ನು ಗೋಡೆಯಿಂದ ಗೇಣಿನ ದೂರಕ್ಕೆ ನಿಲ್ಲಿಸಿದ.

"ಚುಂಬಕ ಹೆಂಗ ಹಿಡೀತು?"

"ಗ್ರೈಂಡರಿನ ಪುಡಿ ಕೂಡಿಸಿದ್ದೆ."

"ನನ್ನ ವೆಲ್ಡಿಂಗ್?"

"ಗಟ್ಟಿ ಇತ್ತು ಅಣ್ಣಾ. ನಾನ ಕೊಯ್ಯಬೇಕಾತು. ಹಂಗ ಬಿಡಲಿಲ್ಲ ಅದು."

ಅವನು ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ. "ನಾಲ್ಕ ವರ್ಷ ಲೇ. ಮಂದಿ ಮನಿ ಗೇಟಿಗೆ ಒಂದ ಸಳಿ ಹಚ್ಚಿಕೊಡಂದ್ರೂ ಒಲ್ಲೆ ಅಂದೇನಿ. ಬಿಟ್ಟು ಯಾವ ಕೂಸಿನ ಮ್ಯಾಲರ ಬಿದ್ದೀತು ಅಂತ." ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಮಿನಿನ್ ಬಾಬಗ ಹೇಳು, ರವಿವಾರ ಬರ್ತೇನಂತ. ಖರೇನೂ ನೀನ ಹೇಳು. ನೀ ಅಲ್ಲಿ ಬರಬ್ಯಾಡ."

ಮಿನಿನ್ ಬಾಬರಿಗೆ ಫೋನಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿ ಫೋನ್ ಇಟ್ಟುಬಿಟ್ಟರು.

ಇಂದು ರವಿವಾರ. ಹೋಗಬಾರದೆಂದು ಗೊತ್ತಿದ್ದೂ ಕೆಪೆಗೆ ಹೋಗಿದ್ದೆ. ಮಿನಿನ್ ಬಾಬರ ಕಂಪೌಂಡಿನ ಹೊರಗೆ ಬೈಕ್ ನಿಲ್ಲಿಸಿದೆ. ಗೋಡೆಯಾಚೆಯಿಂದ ವೆಲ್ಡಿಂಗಿನ ನೀಲಿ ಬೆಳಕು ಹಲಸಿನ ಎಲೆಗಳ ಕೆಳಮೈಗೆ ಬಡಿಯುತ್ತಿತ್ತು. ಬರಿಗಣ್ಣಲ್ಲಿ ನೋಡಬಾರದು; ನೋಡಿದೆ. ಬೆಳಕು ಆರಿತು. ಮಾಡಿದ್ದನ್ನು ಅವನು ತಟ್ಟಿ ನೋಡುತ್ತಿರಬೇಕು, ಬೇಡವೆಂದು ಎದ್ದುಬಿಟ್ಟರೆ? ತುಂಬ ಹೊತ್ತಾಯಿತು. ಆಮೇಲೆ ಮತ್ತೆ ಹತ್ತಿತು, ಈ ಸಲ ತಡೆಯದೆ ಒಂದೇ ಸಮನೆ ಉರಿಯಿತು.

ಸದ್ದು ಕೇಳಿದರೆ ನಾನೆಂದು ಅವನಿಗೆ ಗೊತ್ತಾಗುತ್ತದೆ. ಬೈಕ್ ಸ್ಟಾರ್ಟ್ ಮಾಡದೆ ತಿರುವಿನವರೆಗೂ ತಳ್ಳಿಕೊಂಡು ನಡೆದೆ.