ವಾಲಿದ ತೊಟ್ಟಿಲು

ನಮ್ಮೂರ ಕೆರೆಯ ನಡುವೆ ಒಂದು ದಿಬ್ಬವಿದೆ. ನನ್ನ ಬಾಲ್ಯದುದ್ದಕ್ಕೂ ಅದರ ಸುತ್ತ ಒಂದು ಹನಿ ನೀರಿಲ್ಲದಿದ್ದರೂ ಎಲ್ಲರೂ ಅದನ್ನು ನಡುಗಡ್ಡೆ ಎಂದೇ ಕರೆಯುತ್ತಿದ್ದರು. ಜಾಲಿಗಿಡಗಳ ನಡುವೆ ನಡೆದೇ ಹೋಗಿಬರುತ್ತಿದ್ದೆವು. ಬರಗೂರಿನ ಕಡೆಯ ನೆಂಟರು ಇದನ್ನು ಕೇಳಿ ನಗುತ್ತಿದ್ದರು. ನಗಲಿ, ನಮ್ಮ ಮನೆತನದ ಸತ್ತವರೆಲ್ಲ ಇರುವುದು ಅಲ್ಲಿಯೇ.

ದಿಬ್ಬದ ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ. ಮನೆಯಲ್ಲಿ ಯಾರು ತೀರಿಕೊಂಡರೂ ಅವರ ನೆನಪಿಗೆ ಅದರ ಮೇಲೆ ಸುಣ್ಣದಲ್ಲಿ ಒಂದು ಚಿತ್ರ ಬರೆಯುತ್ತಿದ್ದರು. ಮುತ್ತಜ್ಜನಿಗೆ ನೇಗಿಲು, ಅಜ್ಜಿಗೆ ಬೀಸುವ ಕಲ್ಲು, ಕುರಿ ಮೇಯಿಸಿದ ದೊಡ್ಡಪ್ಪನಿಗೆ ಕಂಬಳಿ. ವರ್ಷಕ್ಕೊಮ್ಮೆ ಮಾರ್ನಮಿ ಅಮಾವಾಸ್ಯೆಯ ಬೆಳಿಗ್ಗೆ ಹೆಂಗಸರು ಹೋಗಿ ಮಾಸಿದ ಗೆರೆಗಳ ಮೇಲೆ ಸುಣ್ಣ ಅದ್ದಿದ ಬೆರಳು ಎಳೆದು ಬರಬೇಕು. ಹಳೆಯ ಗೆರೆ ಎಲ್ಲಿ ಹೋಗಿದೆಯೋ ಬೆರಳು ಅಲ್ಲಿಯೇ ಹೋಗಬೇಕು. ಇರುವುದು ಅದೊಂದೇ ಕಟ್ಟಳೆ.

ಬಂಡೆಯ ಅಂಚಿನಲ್ಲಿ, ಉಳಿದವರಿಂದ ದೂರ, ಅಂಗೈಯಗಲದ ಒಂದು ತೊಟ್ಟಿಲಿತ್ತು. ಅದು ನನಗಿಂತ ಮೊದಲು ಹುಟ್ಟಿದ ಅಕ್ಕನದು. ಹನ್ನೊಂದೇ ದಿನ ಬದುಕಿದ್ದಳಂತೆ. ಹೆಸರಿಟ್ಟಿರಲಿಲ್ಲ, ಫೋಟೊ ಇಲ್ಲ. ಹಸುಗೂಸಿಗೆ ಹಿರಿಯರ ಸಾಲಿನಲ್ಲಿ ಜಾಗವಿಲ್ಲವೆಂದು ಮನೆಯವರು ಗದರಿದರೂ ಅಮ್ಮ ತಲೆಗೆ ಕಟ್ಟಿದ ಬಾಣಂತಿ ಬಟ್ಟೆಯಲ್ಲೇ ಒಬ್ಬಳೇ ಹೋಗಿ ಬರೆದು ಬಂದಿದ್ದಳು. ಒಂದು ಹಗ್ಗ ಗಿಡ್ಡ, ಇನ್ನೊಂದು ಉದ್ದ. ತೊಟ್ಟಿಲು ಒಂದು ಕಡೆ ವಾಲಿಕೊಂಡಿತ್ತು. ಆ ಮಗು ಈ ಭೂಮಿಗೆ ಬಂದಿತ್ತು ಎನ್ನುವುದಕ್ಕೆ ಉಳಿದದ್ದು ಅಷ್ಟೇ.

ನಾನು ಮಧುಗಿರಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮಕ್ಕಳ ಸೊಟ್ಟ ಗೆರೆಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುವುದೇ ನನ್ನ ಹೊಟ್ಟೆಪಾಡು. ಕಳೆದ ಮಾರ್ನಮಿಯ ಹೊತ್ತಿಗೆ ಅಮ್ಮನ ಮಂಡಿ ಕೈಕೊಟ್ಟಿತ್ತು. ಕಾಲುವೆಯ ನೀರು ಕೆರೆಗೆ ಬರುತ್ತದೆಂದು ಊರೆಲ್ಲ ಕುಣಿಯುತ್ತಿತ್ತು.

"ಈ ಸಲ ನೀನೇ ಹೋಗ್ಬುಟ್ಟು ಬಾ ಕಣಮ್ಮ" ಎಂದಳು ಅಮ್ಮ. "ಸುಣ್ಣ ಕಲಸಿಟ್ಟಿವ್ನಿ. ಇದ್ದಂಗೇ ಎಳಿ, ಸಾಕು."

ಅವಳ ಸುಣ್ಣದ ಕುಡಿಕೆಯನ್ನು ಜಗಲಿಯ ಮೇಲೇ ಬಿಟ್ಟು ಹೋದೆ. ಸಿರಾದಿಂದ ಬಿಳಿ ಆಯಿಲ್ ಪೇಂಟಿನ ಡಬ್ಬ ತಂದಿದ್ದೆ. ನೀರು ಬಂದರೆ ಸುಣ್ಣ ನಿಲ್ಲುವುದಿಲ್ಲ, ಇದಾದರೆ ಶಾಶ್ವತ ಎಂಬ ಬುದ್ಧಿವಂತಿಕೆ ನನ್ನದು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ನೇಗಿಲನ್ನು ನೇರ ಮಾಡಿದೆ, ಬೀಸುವ ಕಲ್ಲನ್ನು ದುಂಡಗೆ ಮಾಡಿದೆ. ತೊಟ್ಟಿಲಿನ ಎರಡೂ ಹಗ್ಗಗಳನ್ನು ಸಮಮಾಡಿ, ಆಚೆ ಈಚೆ ಉಳಿದ ಹಳೆಯ ಸುಣ್ಣವನ್ನು ಕಲ್ಲಿನಿಂದ ಉಜ್ಜಿ ತೆಗೆದೆ. ಎಲ್ಲ ಮುಗಿದ ಮೇಲೆ ಫೋಟೊ ತೆಗೆದುಕೊಂಡೆ. ಮೊದಲೇ ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಅಮ್ಮ ಕೇಳಿದ್ದಕ್ಕೆ ಚೆನ್ನಾಗಿ ಆಯಿತೆಂದೆ.

ನೀರು ಬಂತು, ಊರು ಕೋಡಿಗೆ ಪೂಜೆ ಮಾಡಿತು. ಬೇಸಿಗೆ ರಜೆಯಲ್ಲಿ ಮೀನು ಹಿಡಿಯುವವರ ತೆಪ್ಪದಲ್ಲಿ ಕೂತು ಹೋದೆ. ನಡುಗಡ್ಡೆ ಕಡೆಗೂ ನಿಜವಾದ ನಡುಗಡ್ಡೆಯಾಗಿತ್ತು. ಆದರೆ ಉಳಿದದ್ದು ರಾಗಿ ಒಕ್ಕುವ ಕಣದಷ್ಟು ಜಾಗ, ಅದರ ಮೇಲೆ ಬಂಡೆ. ಬಿಸಿಲಿಗೆ ಪೇಂಟು ಹಪ್ಪಳದ ಹಾಗೆ ಎದ್ದಿತ್ತು. ಅರ್ಧಕ್ಕರ್ಧ ಆಗಲೇ ಉದುರಿತ್ತು, ಉಳಿದದ್ದನ್ನು ಮುಟ್ಟಿದೆ. ಕಿತ್ತು ಕೈಗೇ ಬಂತು, ಅಡಿಯಲ್ಲಿದ್ದ ಎಷ್ಟೋ ವರ್ಷಗಳ ಸುಣ್ಣವನ್ನೂ ಕಿತ್ತುಕೊಂಡೇ ಬಂತು. ನೇಗಿಲಿಲ್ಲ, ಕಂಬಳಿಯಿಲ್ಲ, ತೊಟ್ಟಿಲಿಲ್ಲ. ಬರೀ ಕರಿ ಕಲ್ಲು. ನೀರು ಮಾಡಲಾಗದ್ದನ್ನು ನಾನು ಮಾಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿ ಅತ್ತೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಸುಣ್ಣದ ಕುಡಿಕೆ ತಂದು ನನ್ನ ಮುಂದಿಟ್ಟು, "ಬುಡು. ಅಡುಗೆಮನೆ ಗ್ವಾಡೆ ಮ್ಯಾಲೆ ಅದೊಂದನ್ನ ಬರ್ಕೊಡು" ಎಂದಳು. ಸುಣ್ಣದಲ್ಲಿ ಬೆರಳದ್ದಿ, ಫೋನಿನಲ್ಲಿದ್ದ ಫೋಟೊ ನೋಡಿಕೊಂಡು ಬರೆದೆ. ಅಮ್ಮ ಹತ್ತಿರ ಬಂದು ನೋಡಿದಳು.

"ಇದ್ಯಾರ್ದೋ ತೊಟ್ಲು ಕಣಮ್ಮ. ನನ್ನ ಕೂಸಿಂದು ವಾಲ್ಕೊಂಡಿತ್ತು. ಆವತ್ತು ನನ್ನ ಕೈ ನಡುಗ್ತಿತ್ತಲ್ಲ."

ಸೆರಗಿನಿಂದ ಒರೆಸಿದೆ. "ಯಾವ ಕಡೆ ಹಗ್ಗ ಗಿಡ್ಡ ಇತ್ತಮ್ಮ? ನಂಗೆ ನೆನಪಾಗ್ತಿಲ್ಲ."

ಅಮ್ಮ ತಾನೇ ಸುಣ್ಣದಲ್ಲಿ ಬೆರಳದ್ದಿ ಗೋಡೆಗೆ ಇಟ್ಟಳು. ಬೆರಳು ಕದಲಲಿಲ್ಲ. ಸುಣ್ಣ ಇಳಿದು ಅವಳ ಮುಂಗೈವರೆಗೂ ಬಂತು.

"ಗೊತ್ತಿಲ್ಲ ಕಣಮ್ಮ" ಎಂದಳು. "ಬೆರಳು ಗೆರೆ ಹಿಂದೆ ತಾನೇ ಹೋಗ್ತಿತ್ತು. ಅದು ಅಲ್ಲೇ ಐತಲ್ಲ ಅಂತ, ನಾನು ನೆನಪಿಟ್ಕಂಡಿರ್ಲೇ ಇಲ್ಲ."