ಮದ್ರಾಸಿಗೆ ಮುಕ್ಕಾಲು ಗಂಟೆ

ಸೋಮವಾರ ಬೆಳಗಿನ ಜಾವ ಜಾಲಹಳ್ಳಿಯ ಕ್ವಾರ್ಟರ್ಸಿನಿಂದ ಅಮ್ಮನನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೊರಟೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಸಾಲಿನ ಮನೆಗಳಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ. ಅಮ್ಮನ ಒಂದು ಕಣ್ಣು ಮೊದಲೇ ಹೋಗಿತ್ತು. ಉಳಿದ ಕಣ್ಣಿನ ಒಳಪರದೆ ಕಳಚಿಕೊಳ್ಳುತ್ತಿದೆ, ಮದ್ರಾಸಿನಲ್ಲಿ ತಡಮಾಡದೆ ಆಪರೇಷನ್ ಆಗಬೇಕು, ರೈಲಿನ ಕುಲುಕಾಟ ಬೇಡವೇ ಬೇಡ, ಕತ್ತು ಕೂಡ ತಿರುಗಿಸಬಾರದು ಎಂದಿದ್ದರು ಡಾಕ್ಟರು.

ನಾನು ಕಾರ್ಖಾನೆಯಲ್ಲಿ ಅಳತೆ ನೋಡುವ ವಿಭಾಗದವನು. ಆದರೂ ಈ ಪ್ರಯಾಣದ ಲೆಕ್ಕ ತಲೆಗೆ ಹತ್ತಲಿಲ್ಲ. ಊರಿನ ಆ ಕೊನೆಯ ವಿಮಾನ ನಿಲ್ದಾಣ ಮುಟ್ಟಲು ಒಂದು ಗಂಟೆ, ಅಲ್ಲಿ ಕಾಯಲು ಅದಕ್ಕಿಂತ ಹೆಚ್ಚು, ಹಾರುವುದು ಮಾತ್ರ ಮುಕ್ಕಾಲು ಗಂಟೆ. ರೈಲಿನ ದಾರಿ ಮುನ್ನೂರ ಅರವತ್ತು ಕಿಲೋಮೀಟರ್, ವಿಮಾನದ ದಾರಿ ಮುನ್ನೂರೂ ಇಲ್ಲ ಎಂದ ಟಿಕೆಟ್ ಕೌಂಟರಿನವನು.

"ಮಿಕ್ಕಿದ್ದು ಎಲ್ಲಿ ಹೋಯ್ತೋ ಶೀನ?" ಎಂದಳು ಅಮ್ಮ.

"ನೆಟ್ಟಗೆ ಹೋಗತ್ತಮ್ಮ, ಸುತ್ತು ಬಳಸು ಇಲ್ಲ."

"ಜೋಲಾರಪೇಟೆ?"

"ಅದು ರೈಲಿನ ಜಂಕ್ಷನ್ನು, ಇದ್ರಲ್ಲಿ ಬರಲ್ಲ."

"ಅದೇ ಬರ್ದೆ ಮದ್ರಾಸು ಹೆಂಗೋ ಬರತ್ತೆ?"

ಏಳಕ್ಕೆ ವಿಮಾನ ಮೇಲೆದ್ದಿತು. ಪೆಪ್ಪರಮೆಂಟು ಕೊಟ್ಟರು, ಕಾಫಿ ಕೊಟ್ಟರು, ಕುಡಿದು ಮುಗಿಸುವ ಮೊದಲೇ ಕಪ್ಪು ವಾಪಸು ಕೇಳಿದರು. ಅಮ್ಮ ಎದುರಿನ ಸೀಟಿನ ಬೆನ್ನನ್ನೇ ದಿಟ್ಟಿಸುತ್ತಾ, "ಏಳೂವರೆ ಆಯ್ತಾ? ರಾಹುಕಾಲ ಬಂತು. ಇದು ಬೆಂಗಳೂರಿನ ರಾಹುಕಾಲಾನಾ, ಮದ್ರಾಸಿಂದಾ?" ಎಂದಳು. ಮದ್ರಾಸಿನಲ್ಲಿ ಸೂರ್ಯ ಸ್ವಲ್ಪ ಮೊದಲೇ ಹುಟ್ಟುತ್ತಾನೆ, ಅಂದರೆ ರಾಹುಕಾಲವೂ ಮೊದಲೇ ಬರಬೇಕು. ನಾವೋ ಎರಡೂ ಊರಿನಲ್ಲಿರಲಿಲ್ಲ. ಕಿಟಕಿಯಾಚೆ ಬರೀ ಮೋಡ.

ಮದ್ರಾಸಿನಲ್ಲಿ ಆಗಲೇ ಬೆವರು ಹರಿಯುವ ಸೆಕೆ. ಎಂಟೂವರೆಗೆ ಟ್ಯಾಕ್ಸಿ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತರೆ ಅಮ್ಮ ಇಳಿಯಲೊಲ್ಲಳು.

"ಒಂಬತ್ತಾಗ್ಲಿ ಕಣೋ. ರಾಹುಕಾಲದಲ್ಲಿ ಒಳಕ್ಕೆ ಕಾಲಿಡಲ್ಲ."

ನನಗೆ ರೇಗಿಹೋಯಿತು. "ಅಲ್ಲಮ್ಮಾ, ಇಷ್ಟು ಅವಸರವಾಗಿ ಹಾರ್ಕೊಂಡು ಬಂದಿದ್ದು ಇಲ್ಲಿ ಕೂರೋಕಾ? ಇದೂ ಒಂದು ಕಣ್ಣು ಹೋದ್ರೆ?"

ಅಮ್ಮ, "ಮುಂದಿನ ಸೀಟಿಗೆ ಹೋಗಿ ಈ ಕಡೆ ತಿರುಗಿ ಕೂತ್ಕೊ" ಎಂದಳು.

"ಯಾಕೆ?"

"ರಾಹುಕಾಲ ಹಾಳಾಗ್ಲಿ. ನೀನು ಪಕ್ಕದಲ್ಲಿ ಕೂತ್ರೆ ಕಾಣಲ್ಲ, ಕತ್ತು ತಿರುಗಿಸೋ ಹಾಗಿಲ್ಲ. ರೈಲಲ್ಲಾದ್ರೆ ರಾತ್ರಿಯೆಲ್ಲ ನೀನು ಎದುರಿಗೆ ಇರ್ತಿದ್ದೆ. ಈ ವಿಮಾನ ಹತ್ತೋದ್ರೊಳಗೇ ಮದ್ರಾಸು ಬಂದ್ಬಿಡ್ತು. ಒಂದಷ್ಟು ಹೊತ್ತು ನೋಡ್ಕೋತೀನಿ. ಆಮೇಲೆ ಹೆಂಗೋ ಏನೋ."

ಮುಂದಿನ ಸೀಟಿಗೆ ಹೋಗಿ ಹಿಂದಕ್ಕೆ ತಿರುಗಿ ಕೂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡ್ರೈವರ್ ತಾನಾಗಿಯೇ ಇಳಿದು ಆಚೆ ಹೋದ. ನನ್ನ ವಾಚಿನಲ್ಲಿ ಒಂಬತ್ತು ದಾಟಿತು. ಅಮ್ಮ ಗಂಟೆ ಎಷ್ಟೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.