ಕೆರೆ ಏರಿಯ ಮೇಲೆ ಬಲಗೈ

ಪರೀಕ್ಷೆಯ ದಿನ ತೊಣ್ಣೂರಿನಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗುವ ಬೆಳಗಿನ ಬಸ್ಸು ಬಾರದೇ ಇರಬಹುದಿತ್ತು. ಬಂದರೂ ರೈಲ್ವೆ ಗೇಟಿನಲ್ಲಿ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಳ್ಳಬಹುದಿತ್ತು. ಹಾಲ್ ಟಿಕೆಟ್ಟು ಸೋದರತ್ತೆಯ ಮನೆಯ ದೇವರ ಗೂಡಿನಲ್ಲೇ ಉಳಿದುಬಿಡಬಹುದಿತ್ತು. ಅತ್ತೆ ಅದಕ್ಕೆ ಹಚ್ಚುವ ಕುಂಕುಮ ನನ್ನ ಫೋಟೋದ ಮುಖಕ್ಕೇ ಮೆತ್ತಿಕೊಂಡು, ನಾನು ನಾನೇ ಎಂದು ಸಾಬೀತುಪಡಿಸುವುದು ಕಷ್ಟವಾಗಬಹುದಿತ್ತು. ಪೆನ್ನು ಇಂಕು ಕಕ್ಕಬಹುದಿತ್ತು. ಹೊಟ್ಟೆ ಕೆಡಬಹುದಿತ್ತು. ಆರಂಭದ ಸಮೀಕರಣವೇ ಮರೆತುಹೋಗಬಹುದಿತ್ತು. ಇವೆಲ್ಲವನ್ನೂ ನಾನು ಮುಂಚಿತವಾಗಿಯೇ, ಒಂದನ್ನೂ ಬಿಡದೆ, ಚಿಂತಿಸಿ ಮುಗಿಸಿದ್ದೆ. ಐವತ್ತು ದಾಟಿದ ಈಗಲೂ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಬರುವವನು ನಾನು. ಆ ಗುಣ ಆಗಲೇ ಚೆನ್ನಾಗಿ ಬೇರು ಬಿಟ್ಟಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಉಳಿದದ್ದೆಲ್ಲ ಪಾಸಾಗಿ, ವಿದ್ಯುತ್ಕಾಂತತೆಯ ಪೇಪರೊಂದರಲ್ಲಿ ಡುಮ್ಕಿ ಹೊಡೆದಿದ್ದೆ. ಡಿಗ್ರಿ ಇಲ್ಲದೆ ಬಿ.ಎಡ್. ಇಲ್ಲ, ಬಿ.ಎಡ್. ಇಲ್ಲದೆ ಮೇಷ್ಟ್ರ ಕೆಲಸವಿಲ್ಲ. ಕೆ.ಆರ್. ಪೇಟೆ ಕಡೆಯ ನಮ್ಮೂರಲ್ಲಿ ಅಪ್ಪ ಹೆಚ್ಚು ಮಾತಾಡಲಿಲ್ಲ.

"ಇನ್ನೊಂದು ಸಲ ಬರಿ ಕಣ್ಲಾ. ಆಗ್ನಿಲ್ವಾ, ಪುಸ್ತಕ ಅಟ್ಟಕ್ಕಾಕಿ ಟ್ರಾಕ್ಟರ್ ಅತ್ತು. ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಸಾಗ್ಸಕ್ಕೆ ಡ್ರೈವರ್ ಬೇಕು ನಂಗೆ."

ಟ್ರಾಕ್ಟರಿನ ಮೇಲೆ ನನಗೆ ದ್ವೇಷವಿರಲಿಲ್ಲ, ಭಯವಿತ್ತು. ಟ್ರೇಲರು ಕಟ್ಟಿಕೊಂಡು ಹಿಂದಕ್ಕೆ ತೆಗೆಯುವುದನ್ನು ನೆನೆದರೆ ಸಮೀಕರಣಗಳೇ ಸಸಾರ ಎನಿಸುತ್ತಿತ್ತು. ಮನೆಯಲ್ಲಿ ಪುಸ್ತಕ ತೆರೆದರೆ ಹಸು ಕೂಗುತ್ತಿತ್ತು, ಹಸುವಿನ ಕೆಲಸ ಮುಗಿದರೆ ಡೇರಿಗೆ ಹಾಲು ಹೊರಬೇಕಿತ್ತು. ಹಾಗಾಗಿ ಪರೀಕ್ಷೆ ಮುಗಿಸಿಯೇ ಬರುವುದೆಂದು ಗಂಟುಮೂಟೆ ಕಟ್ಟಿಕೊಂಡು ತೊಣ್ಣೂರಿನ ಸೋದರತ್ತೆಯ ಮನೆ ಸೇರಿದೆ.

ಹಿಂದಿನ ಸಲ ನನ್ನನ್ನು ಮುಳುಗಿಸಿದ್ದು ದಿಕ್ಕುಗಳು. ಈ ವಿಷಯದಲ್ಲಿ ಎಷ್ಟು ಎಂದು ಲೆಕ್ಕ ಹಾಕಿದರೆ ಸಾಲದು, ಎತ್ತ ಎಂದೂ ಹೇಳಬೇಕು. ಅದಕ್ಕೊಂದು ಬಲಗೈ ನಿಯಮವಿದೆ. ಬೆರಳುಗಳನ್ನು ವಿದ್ಯುತ್ ಕ್ಷೇತ್ರದ ಕಡೆಗೆ ಚಾಚಿ, ಕಾಂತಕ್ಷೇತ್ರದ ಕಡೆಗೆ ಮಡಚಿದರೆ, ಶಕ್ತಿ ಹರಿಯುವ ದಿಕ್ಕನ್ನು ಹೆಬ್ಬೆಟ್ಟು ತೋರಿಸುತ್ತದೆ. ನಾನು ಬೆಳಗಾದರೆ ಕೆರೆ ಏರಿಯ ಮೇಲೆ ಕೂತು ಚಾಚುವುದು, ಮಡಚುವುದು, ಹೆಬ್ಬೆಟ್ಟು ನೋಡುವುದು ಇದನ್ನೇ ಮಾಡುತ್ತಿದ್ದೆ. ಸುದ್ದಿ ಅತ್ತೆಗೆ ಮುಟ್ಟಿತು.

"ಏನ್ಲಾ ಮಗ, ಕೆರೆಗೆ ಎಬ್ಬೆಟ್ಟು ತೋರಿಸ್ಕಂಡು ಕುಂತಿರ್ತೀಯಂತೆ? ಬಟ್ಟೆ ಒಗೆಯೋ ಎಂಗಸ್ರೆಲ್ಲ ನಗಾಡ್ತಾವ್ರೆ."

"ಓದ್ತಿದ್ದೀನಿ ಅತ್ತೆ."

"ಪುಸ್ತಕ ಮುಚ್ಚಿತ್ತಂತೆ?"

"ಶಕ್ತಿ ಎತ್ತಾಗೋಯ್ತದೆ ಅಂತ ನೋಡ್ತಿದ್ದೆ. ತಂತೀಲಿ ಕರೆಂಟು ಹರೀತದಲ್ಲ, ಅದ್ರ ಶಕ್ತಿ ತಂತಿ ಒಳಗಿಂದ್ಲೇ ಹರ್ಕಂಡು ಬರಾಕಿಲ್ಲ. ಸುತ್ತಲ ಗಾಳಿಯಿಂದ ತಂತಿ ಒಳಕ್ಕೆ ನುಗ್ತದೆ."

ಅತ್ತೆ ಒಲೆಯಿಂದ ಮುಖ ಎತ್ತಿದಳು. "ಗಾಳೀಲೇ ಬರಂಗಿದ್ರೆ, ಆ ಲೈನ್‌ಮನ್ನು ಯಾಕ್ಲಾ ಕಂಬ ಅತ್ತಿ ಸಾಯ್ತಾನೆ?"

ಪಟ್ಟು ಬಿಡದೆ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ತಂತಿ ಬರೀ ಕೊಳವೆಯಲ್ಲ, ಶಕ್ತಿಗೆ ದಾರಿ ತೋರಿಸುವುದೇ ಅದು ಎಂದು ಅರ್ಥವಾದ ದಿನ ಓಡಿಬಂದು ಅತ್ತೆಗೆ ಹೇಳಿದೆ. "ಅಂಗನ್ನು ಮತ್ತೆ" ಎಂದು ರಾಗಿಹಿಟ್ಟು ತೊಳಸುವುದನ್ನು ಮುಂದುವರಿಸಿದಳು. ಆಮೇಲೆ ನಾನು ಪ್ರತಿಯೊಂದು ಸೂತ್ರವನ್ನೂ ಏರಿಯ ಕಲ್ಲಿನ ಮೇಲೆ ಬೆಣಚುಕಲ್ಲಿನಿಂದ ಗೀಚಿ, ನೀರು ಹಾಕಿ ಅಳಿಸಿ, ತಪ್ಪಿಲ್ಲದೆ ಬರುವವರೆಗೆ ಮತ್ತೆ ಗೀಚಿದೆ. ಬಟ್ಟೆ ಒಗೆಯುವವರಿಗೂ ಅಭ್ಯಾಸವಾಯಿತು. ಅವರಲ್ಲೊಬ್ಬಾಕೆ ದಿನಾ ಕೇಳುತ್ತಿದ್ದಳು: "ಇವತ್ತು ಎತ್ತಾಗೋಯ್ತಪ್ಪ ನಿನ್ ಶಕ್ತಿ?"

"ಒಳಕ್ಕೆ ಅಕ್ಕ."

ಪರೀಕ್ಷೆಯ ದಿನ ಬಸ್ಸು ಬಂತು. ಗೇಟು ತೆರೆದಿತ್ತು. ಕುಂಕುಮ ಫೋಟೋದ ಅಂಚಿಗಷ್ಟೇ ತಾಗಿತ್ತು. ಶ್ರೀರಂಗಪಟ್ಟಣದ ಪರೀಕ್ಷಾ ಕೇಂದ್ರದಲ್ಲಿ ಕೂತಾಗ ಹೊಟ್ಟೆಯೂ ಸುಮ್ಮನಿತ್ತು. ಪುಟಗಟ್ಟಲೆ ಬರೆದೆ. ಕೊನೆಯ ಪ್ರಶ್ನೆ ನನ್ನ ತಂತಿಯದೇ! ಕಾಂತಕ್ಷೇತ್ರದ ವೃತ್ತವನ್ನು ನೆನಪಿನಿಂದಲೇ ಬರೆದು, ಡೆಸ್ಕಿನ ಕೆಳಗೆ ಬೆರಳು ಮಡಚಿ ನೋಡಿ, ತಂತಿಯ ಸುತ್ತ ಶಕ್ತಿಯ ಬಾಣಗಳನ್ನು ಎಳೆದು, ಎದೆಯುಬ್ಬಿಸಿಕೊಂಡು ಹೊರಬಂದೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದಳು, "ಅದೇನ್ ಬರ್ದೆ ತೋರ್ಸು, ನಾನೂ ನೋಡಾನ."

ಬಲಗೈಯಲ್ಲಿ ಮುದ್ದೆಯ ತುತ್ತಿತ್ತು. ಎಡಗೈ ಎತ್ತಿ, ಬೆರಳು ಚಾಚಿ ಮಡಚಿದೆ. ಹೆಬ್ಬೆಟ್ಟು ಹೊರಕ್ಕೆ ನಿಂತಿತು.

"ಒಳಕ್ಕೆ ಅಂತಿದ್ದಲ್ಲಾ?" ಎಂದಳು ಅತ್ತೆ.

ತುತ್ತು ಸಾರಿನಲ್ಲೇ ನಿಂತಿತು. ಪರೀಕ್ಷೆಯಲ್ಲಿ ಬಲಗೈಯಲ್ಲಿ ಪೆನ್ನಿತ್ತು. ಡೆಸ್ಕಿನ ಕೆಳಗೆ ನಾನು ಮಡಚಿದ್ದೂ ಎಡಗೈಯನ್ನೇ. ಏರಿಯ ಮೇಲೆ ಅಷ್ಟು ದಿನ ಬಲಗೈ ಪಳಗಿಸುವಾಗ, ಆ ಕೈಯಲ್ಲಿ ಪೆನ್ನಿರುತ್ತದೆ ಎಂಬ ಒಂದನ್ನು ಮಾತ್ರ ಚಿಂತಿಸಿರಲಿಲ್ಲ.

ಮುಂದೆ ಫಲಿತಾಂಶ ಬಂದು ಪಾಸಾದೆ. "ಆಯ್ತು ಬುಡು, ಬ್ಯಾರೆ ಡ್ರೈವರ್ ನೋಡ್ಕತೀನಿ" ಎಂದ ಅಪ್ಪ. ಆದರೆ ಪರೀಕ್ಷೆಯ ಮರುದಿನ ಅದೊಂದೂ ತಿಳಿದಿರಲಿಲ್ಲ. ಚೀಲ ಹೊತ್ತು ಬಸ್ಸಿಗೆಂದು ಏರಿಯ ಮೇಲೆ ಹೋಗುತ್ತಿದ್ದೆ. ನೀರಿನ ಬಳಿಯಿಂದ, ಬಟ್ಟೆ ಒಗೆಯುತ್ತ ದಿನಾ ಕೇಳುತ್ತಿದ್ದ ಆಕೆ ಕೂಗಿದಳು, "ಪರೀಕ್ಸೇಲಿ ಎತ್ತಾಗೋಯ್ತಪ್ಪ?"

"ಹೊರಕ್ಕೆ ಅಕ್ಕ," ಎಂದೆ.